ಹಾಸನದ ಸುತ್ತ ಎರಡು ದಿನ: ಬೇಲೂರು, ಹಳೇಬೀಡು, ಬೆಳಗೊಳ ಬಿಟ್ಟು ಏನಿದೆ?

ಕೆರೆಯೇರಿ
ಜನವರಿ ಕೊನೆಯ ಶನಿವಾರ, ಭಾನುವಾರ. ಹಾಸನದಲ್ಲೇ ಉಳಿಯೋದು, ಕಾರಿದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ನೋಡಿ ಆಗಿದೆ. ಅಮ್ಮನಿಗೆ ಮಂಡಿನೋವು, ಹತ್ತಿಪ್ಪತ್ತು ಮೆಟ್ಟಿಲಿಗಿಂತ ಹೆಚ್ಚು ಹತ್ತೋಕಾಗಲ್ಲ. ಹೆಸರು ಮಾತ್ರ ಹೇಳಿ ಬಿಡಬೇಡಿ. ಯಾವ ಹೊತ್ತಿಗೆ ಹೋಗಬೇಕು, ಅಲ್ಲಿ ಏನು ನೋಡಬೇಕು, ಎಲ್ಲಿ ಎಡವಟ್ಟಾಗುತ್ತೆ ಅನ್ನೋದೂ ತಿಳಿಸಿ. ಶೆಟ್ಟಿಹಳ್ಳಿ ಚರ್ಚು ಪಟ್ಟಿಯಲ್ಲಿದೆ, ಜನವರಿಯಲ್ಲಿ ಸರಿ ಹೋಗುತ್ತಾ?

ದುದ್ದ_ರಸ್ತೆ
ಒಂದು ದಿನ ಪೂರ್ತಿ ಅರಸೀಕೆರೆ ರಸ್ತೆಗೆ ಕೊಡಿ. ಕೋರವಂಗಲ, ಹಾರನಹಳ್ಳಿ, ಅರಸೀಕೆರೆ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ಹೋಗಿ ಬರೋದು ಸೇರಿ ನೂರು ಕಿಲೋಮೀಟರ್ ಆಸುಪಾಸು. ಬೇಲೂರಿಗೆ ಹೋಗುವ ಬಸ್ಸುಗಳಲ್ಲಿ ಒಂದೂ ಈ ಕಡೆ ತಿರುಗಲ್ಲ, ಹಾಗಾಗಿ ಜನಜಂಗುಳಿ ಇರಲ್ಲ.

ಕೋರವಂಗಲ ಹಾಸನದಿಂದ ಹತ್ತು ಕಿ.ಮೀ., ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ. ಬೂಚೇಶ್ವರ ದೇವಸ್ಥಾನ 1173ರದು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ ಸಂತೋಷಕ್ಕೆ ಅವನ ಅಧಿಕಾರಿ ಬೂಚಿರಾಜ ಕಟ್ಟಿಸಿದ್ದು. ಒಂದು ಕಡೆ ಶಿವಲಿಂಗ, ಎದುರುಬದುರಾಗಿ ಇನ್ನೊಂದು ಗರ್ಭಗುಡಿಯಲ್ಲಿ ಸೂರ್ಯ. ಹೆಚ್ಚಿನವರು ಲಿಂಗಕ್ಕೆ ಕೈಮುಗಿದು ಹಾಗೇ ಹೊರಟುಬಿಡ್ತಾರೆ, ಹಿಂದಿರುಗಿ ಸೂರ್ಯನ್ನ ನೋಡೋದೇ ಇಲ್ಲ. ಅದೇ ಊರಲ್ಲಿ ನಾಕೇಶ್ವರ, ಗೋವಿಂದೇಶ್ವರ ಅಂತ ಇನ್ನೆರಡು ಗುಡಿ ಪಾಳುಬಿದ್ದಿವೆ. ಫಲಕ ಹುಡುಕೋಕೆ ಹೋಗಬೇಡಿ, ಊರವರನ್ನೇ ಕೇಳಿ.

ಅರಸೀಕೆರೆ_ತೆಂಗು
ಹಾರನಹಳ್ಳಿಯಲ್ಲಿ ಎರಡು ದೇವಸ್ಥಾನ: ಲಕ್ಷ್ಮೀನರಸಿಂಹ, ಸೋಮೇಶ್ವರ. 1235ರ ಸುಮಾರಿನವು, ನಡೆದೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಲಕ್ಷ್ಮೀನರಸಿಂಹದಲ್ಲಿ ಪೂಜೆ ನಡೀತದೆ, ಬೆಳಿಗ್ಗೆ ಅರ್ಚಕರು ಇರ್ತಾರೆ. ಸೋಮೇಶ್ವರದಲ್ಲಿ ಸದ್ದೇ ಇರಲ್ಲ.

ಗೋಡೆ ಬುಡದ ಪಟ್ಟಿಗಳನ್ನು ಕೆಳಗಿನಿಂದ ಓದಬೇಕು. ಮೊದಲು ಆನೆ, ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಅದರ ಮೇಲೆ ಪುರಾಣದ ಕಥೆ, ಮಕರ, ಕೊನೆಗೆ ಹಂಸ. ಆರು ಪಟ್ಟಿಯ ಹೊಯ್ಸಳ ಗುಡಿ ಎಲ್ಲಿ ಸಿಕ್ಕಿದರೂ ಹೆಚ್ಚುಕಡಿಮೆ ಇದೇ ಕ್ರಮ. ಕಥೆಯ ಪಟ್ಟಿ ಪ್ರದಕ್ಷಿಣೆ ದಿಕ್ಕಲ್ಲೇ ಸಾಗೋದು. ಅಪ್ರದಕ್ಷಿಣೆ ಬಂದರೆ ಯುದ್ಧ ಮುಗಿದಮೇಲೆ ಸ್ವಯಂವರ ನೋಡಿದ ಹಾಗಾಗ್ತದೆ.

ಅರಸೀಕೆರೆ ಈಶ್ವರ ದೇವಸ್ಥಾನ (1220) ಬಿಡಬೇಡಿ. ಮುಂದಿನ ತೆರೆದ ಮಂಟಪ ನಕ್ಷತ್ರದ ಆಕಾರ, ಒಳಗೆ ಗುಮ್ಮಟದ ಹಾಗೆ ಬಾಗಿದ ಛತ್ತು. ಇಂಥ ಮಂಟಪ ಬೇಲೂರಲ್ಲೂ ಇಲ್ಲ, ಹಳೇಬೀಡಲ್ಲೂ ಇಲ್ಲ. ಛತ್ತಿನ ಫೋಟೋ ತೆಗೆಯೋಕೆ ಕತ್ತು ನೋಯಿಸಿಕೊಳ್ಳೋದು ಬೇಡ. ಮೊಬೈಲನ್ನು ನೆಲದ ಮೇಲೆ ಪರದೆ ಮೇಲಾಗಿ ಇಟ್ಟು, ಮುಂದಿನ ಕ್ಯಾಮರಾಗೆ ಹತ್ತು ಸೆಕೆಂಡ್ ಟೈಮರ್ ಹಾಕಿ ಪಕ್ಕಕ್ಕೆ ಸರೀರಿ. ಸರಿಯಾಗಿ ನಟ್ಟನಡುವೆ ಬರ್ತದೆ.

ಕೆರೆಯೇರಿ
ಜಗತಿ (ಗುಡಿ ನಿಂತಿರುವ ಎತ್ತರದ ಕಟ್ಟೆ) ಮೇಲೆ ಹತ್ತೋಕೆ ಎಷ್ಟು ಮೆಟ್ಟಿಲು? ಶೌಚಾಲಯದ ವ್ಯವಸ್ಥೆ ಹೇಗೆ?

ಅರಸೀಕೆರೆ_ತೆಂಗು
ಜಗತಿಗೆ ಬೆರಳೆಣಿಕೆಯ ಮೆಟ್ಟಿಲು, ಆದರೆ ಒಂದೊಂದೂ ಎತ್ತರ, ಹಿಡಿಯೋಕೆ ಕಂಬಿ ಇರಲ್ಲ. ಅಮ್ಮನವರು ಹತ್ತುವಾಗ ಒಬ್ಬರು ಹಿಂದೆ ನಿಲ್ಲಿ, ಇಳಿಯುವಾಗ ಮುಂದೆ ನಿಲ್ಲಿ. ಚಪ್ಪಲಿ ಬಿಟ್ಟ ಮೇಲೆ ಕಲ್ಲು ಕಾದಿರ್ತದೆ, ದಪ್ಪ ಕಾಲುಚೀಲ ತಂದುಕೊಳ್ಳಲಿ. ಸಣ್ಣ ಊರುಗಳ ಗುಡಿ ಹತ್ತಿರ ಶೌಚಾಲಯ ನೆಚ್ಚಿಕೊಳ್ಳಬೇಡಿ. ಹಾಸನ ಬಿಡುವ ಮುಂಚೆ ಒಂದು ಸಲ, ಅರಸೀಕೆರೆ ಸ್ಟೇಷನ್ನಲ್ಲೋ ಬಸ್ ನಿಲ್ದಾಣದಲ್ಲೋ ಇನ್ನೊಂದು ಸಲ, ಹಾಗೆ ಲೆಕ್ಕ ಇಟ್ಟುಕೊಳ್ಳಿ.

ಬಳಪದಕಲ್ಲು
ಹೊತ್ತಿನ ಬಗ್ಗೆ ಯಾರೂ ಹೇಳಿಲ್ಲ, ಅದೇ ಮುಖ್ಯ. ಈ ಗುಡಿಗಳ ಬಳಪದ ಕಲ್ಲು ಗಾಢ ಬಣ್ಣದ್ದು. ನೆತ್ತಿ ಬಿಸಿಲಲ್ಲೂ ಮೋಡದಲ್ಲೂ ಕೆತ್ತನೆ ಚಪ್ಪಟೆಯಾಗಿ ಕಾಣುತ್ತೆ. ಬಿಸಿಲು ಗೋಡೆಗೆ ಓರೆಯಾಗಿ ಬಿದ್ದಾಗ ಒಡವೆಯ ಒಂದೊಂದು ಮಣಿಗೂ ನೆರಳು ಬರುತ್ತೆ, ಆಗಲೇ ಆ ಕೆಲಸದ ಬೆಲೆ ಗೊತ್ತಾಗೋದು.

ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಬೆಳಿಗ್ಗೆ ಪೂರ್ವ ಮತ್ತು ದಕ್ಷಿಣದ ಗೋಡೆ, ಮೂರು ಗಂಟೆ ಮೇಲೆ ಪಶ್ಚಿಮ ಮತ್ತು ದಕ್ಷಿಣದ ಗೋಡೆ. ಉತ್ತರದ ಗೋಡೆಗೆ ದಿನವಿಡೀ ನೇರ ಬಿಸಿಲೇ ಇಲ್ಲ. ಹಾಸನ ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆದ್ದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಬರೋದು. ಅದರಲ್ಲಿ ಜೂನ್ ಶುರುವಾದಮೇಲೆ ಮಳೆ. ಅಂದರೆ ಉತ್ತರ ಗೋಡೆಗೆ ಒಳ್ಳೆ ಬಿಸಿಲು ಅಂದ್ರೆ ಮೇ ತಿಂಗಳು ಅಷ್ಟೇ.

ಇದು ಎಲ್ಲಿ ಕೈಕೊಡುತ್ತೆ ಅಂದ್ರೆ ನುಗ್ಗೇಹಳ್ಳಿಯಲ್ಲಿ. ಚನ್ನರಾಯಪಟ್ಟಣ ತಾಲ್ಲೂಕು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ. ದಕ್ಷಿಣದ ಕಡೆ ಬೈಚೋಜನ ಕೆಲಸ, ಉತ್ತರದ ಕಡೆ ಮಲ್ಲಿತಮ್ಮನ ಕೆಲಸ ಅಂತ ಗುರುತಿಸ್ತಾರೆ. ಇಬ್ಬರು ಶಿಲ್ಪಿಗಳ ಕೈ ಹೋಲಿಸಿ ನೋಡೋಕೆ ಇಷ್ಟು ಅನುಕೂಲದ ಗುಡಿ ಕಡಿಮೆ. ಚಳಿಗಾಲದಲ್ಲಿ ಹೋದವರು ಬೈಚೋಜನ ಫೋಟೋ ತುಂಬಿಕೊಂಡು ಬಂದು "ಮಲ್ಲಿತಮ್ಮ ಸಪ್ಪೆ" ಅಂತ ತೀರ್ಪು ಕೊಡ್ತಾರೆ. ಸಪ್ಪೆ ಮಲ್ಲಿತಮ್ಮ ಅಲ್ಲ, ನೆರಳು. ಟಾರ್ಚನ್ನು ಗೋಡೆಗೆ ಅಂಟಿಕೊಂಡ ಹಾಗೆ ಪಕ್ಕದಿಂದ ಹಿಡಿದು ನೋಡಿ. ಎದುರಿಂದ ಬಿಟ್ಟರೆ ಎಲ್ಲ ಬೆಳ್ಳಗಾಗುತ್ತೆ. ಅದೇ ಊರಿನ ಸದಾಶಿವ ದೇವಸ್ಥಾನ (1249) ನಾಗರ (ಉತ್ತರ ಭಾರತದ) ಶೈಲಿಯ ಗೋಪುರದ್ದು, ಹೊಯ್ಸಳರಲ್ಲಿ ಅಪರೂಪ.

ಕೆರೆಯೇರಿ
ನುಗ್ಗೇಹಳ್ಳಿ ಅರಸೀಕೆರೆ ದಿನಕ್ಕೇ ಸೇರಿಸಬಹುದಾ?

ದುದ್ದ_ರಸ್ತೆ
ಸೇರಿಸಬಹುದು, ಸೇರಿಸಬೇಡಿ. ಅಮ್ಮನ್ನ ಕರ್ಕೊಂಡು ನಾಲ್ಕು ಊರು ಸುತ್ತಿದರೆ ಕೊನೆಯದನ್ನು ಕಾರಲ್ಲೇ ಕೂತು ನೋಡ್ತಾರೆ. ಅದನ್ನ ಬೆಳಗೊಳದ ಕಡೆ ಹೋಗುವ ದಿನಕ್ಕೆ ಇಟ್ಟುಕೊಳ್ಳಿ.

ಬಸದಿ_ಬೀದಿ
ಬೆಳಗೊಳ ಅಂದಿದ್ದಕ್ಕೆ ಒಂದು ಮಾತು. ನೋಡಿ ಆಗಿದೆ ಅಂತೀರಿ, ಜಿನನಾಥಪುರ ನೋಡಿದ್ರಾ? ಬೆಳಗೊಳದಿಂದ ಒಂದೇ ಕಿಲೋಮೀಟರ್, ಚಂದ್ರಗಿರಿ ಬೆಟ್ಟದ ಆ ಕಡೆ. ಅಲ್ಲಿನ ಶಾಂತಿನಾಥ ಬಸದಿ 1200ರ ಸುಮಾರಿನದು. ಜೈನ ಬಸದಿಗಳ ಹೊರಗೋಡೆ ಸಾಮಾನ್ಯವಾಗಿ ಬೋಳು. ಇಲ್ಲಿ ಹಾಗಲ್ಲ, ಹೊರಗೋಡೆ ತುಂಬ ಮೂರ್ತಿಗಳು. ಬೆಟ್ಟ ಹತ್ತಲಾಗದವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು. ಉಳಿದವರು ಅದನ್ನ ಹತ್ತಿ ಇಳಿಯೋ ಹೊತ್ತಿಗೆ ಅಮ್ಮ ಇದನ್ನ ನಿಧಾನಕ್ಕೆ ನೋಡಿ ಮುಗಿಸಬಹುದು. ಬಾಗಿಲು ಹಾಕಿದ್ದರೆ ವಾಪಸ್ ಬರಬೇಡಿ, ಅಕ್ಕಪಕ್ಕ "ಬೀಗದ ಕೈ ಯಾರ ಹತ್ರ ಇದೆ" ಅಂತ ಕೇಳಿ.

ಗೊರೂರು_ಹಿನ್ನೀರು
ಶೆಟ್ಟಿಹಳ್ಳಿ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಬರ್ತೀನಿ. ಹಾಸನದಿಂದ ಸುಮಾರು 22 ಕಿ.ಮೀ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿಗೆ ಸಿಕ್ಕಿತು. ಅಲ್ಲಿಂದ ಪ್ರತಿ ವರ್ಷ ಮುಳುಗೋದು, ಏಳೋದು.

"ಜನವರಿಯಲ್ಲಿ ಸರಿ ಹೋಗುತ್ತಾ" ಅಂದ್ರೆ ತಿಂಗಳು ನೋಡಿ ಹೇಳೋಕಾಗಲ್ಲ, ನೀರಿನ ಮಟ್ಟ ನೋಡಬೇಕು. ಅಣೆಕಟ್ಟಿನ ಗರಿಷ್ಠ ಮಟ್ಟ 2922 ಅಡಿ. ದಿನದ ಮಟ್ಟ ಪತ್ರಿಕೆಯಲ್ಲಿ ಬರುತ್ತೆ. 2922ರ ಹತ್ತಿರ ಇದ್ದರೆ ಗೋಡೆಯ ಮೇಲ್ಭಾಗ ಮಾತ್ರ ನೀರಿನಿಂದ ಎದ್ದು ನಿಂತಿರುತ್ತೆ, ದಡದಿಂದ ನೋಡಬೇಕು. ಮುಂಗಾರು ಚೆನ್ನಾಗಿ ಆದ ವರ್ಷ ಜನವರಿಯಲ್ಲೂ ಬುಡದಲ್ಲಿ ನೀರಿರಬಹುದು. ನಾಲೆಗೆ ನೀರು ಬಿಟ್ಟ ಹಾಗೆಲ್ಲ ಇಳಿದು, ಮಾರ್ಚ್ ಏಪ್ರಿಲ್ ಹೊತ್ತಿಗೆ ಸುತ್ತ ಒಣ ನೆಲ. ಮುಳುಗಿದ್ದನ್ನ ನೋಡಬೇಕಾ, ನಿಂತಿದ್ದನ್ನ ನೋಡಬೇಕಾ, ಅದನ್ನ ಮೊದಲು ತೀರ್ಮಾನಿಸಿ. ಎರಡೂ ಒಂದೇ ದಿನ ಸಿಗಲ್ಲ.

ಕಾರಿನ ವಿಷಯ. ನೀರು ಇಳಿದ ಜಾಗದಲ್ಲಿ ಹೂಳಿನ ಮೇಲ್ಪದರ ಒಣಗಿ ಬಿರುಕು ಬಿಟ್ಟಿರುತ್ತೆ. ನೋಡೋಕೆ ಗಟ್ಟಿ, ನಾಲ್ಕೈದು ಬೆರಳು ಕೆಳಗೆ ಇನ್ನೂ ಕೆಸರು. ನಡೆಯುವವರ ಕಾಲು ತಡೆಯುತ್ತೆ, ಕಾರು ತಡೆಯಲ್ಲ. ಮೊದಲು ಇಳಿದು ಹಿಮ್ಮಡಿ ಊರಿ ತಿರುಗಿಸಿ ನೋಡಿ. ತೇವ ಮೇಲೆ ಬಂತು ಅಂದ್ರೆ ಕಾರು ಅಲ್ಲೇ ಬಿಟ್ಟು ನಡೀರಿ. ಅಕಸ್ಮಾತ್ ಚಕ್ರ ಹೂತರೆ ಆಕ್ಸಿಲೇಟರ್ ಒತ್ತಬೇಡಿ. ಒತ್ತಿದಷ್ಟೂ ಚಕ್ರ ಗುಂಡಿ ತೋಡುತ್ತೆ, ಕೊನೆಗೆ ಕಾರಿನ ಹೊಟ್ಟೆ ನೆಲಕ್ಕೆ ಕೂರುತ್ತೆ. ಎಂಜಿನ್ ತಿರುಗಿಸುವ ಚಕ್ರಗಳ ಗಾಳಿ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿ, ಚಕ್ರದ ಮುಂದೆ ಚಪ್ಪಟೆ ಕಲ್ಲೋ ಕಾರಿನ ಮ್ಯಾಟೋ ಕೊಟ್ಟು, ಎರಡನೇ ಗೇರಲ್ಲಿ ನಿಧಾನಕ್ಕೆ ತೆಗೀರಿ. ರಸ್ತೆಗೆ ಬಂದಮೇಲೆ ಗಾಳಿ ತುಂಬಿಸದೆ ವೇಗವಾಗಿ ಓಡಿಸಬೇಡಿ.

ಕಾಫಿಹೂ
ಇನ್ನೊಂದು ಮಾತು, ಚರ್ಚಿನ ಗೋಡೆಗೆ ಒರಗಬೇಡಿ, ಕಮಾನಿನ ಕೆಳಗೆ ನಿಂತು ಫೋಟೋ ಬೇಡ. ಗಾರೆ ಪ್ರತಿವರ್ಷ ತಿಂಗಳುಗಟ್ಟಲೆ ನೆನೆದು, ಮತ್ತೆ ತಿಂಗಳುಗಟ್ಟಲೆ ಒಣಗುತ್ತೆ. ನೆನೆದಾಗ ಸುಣ್ಣ ಕರಗಿ ಹೋಗುತ್ತೆ, ಒಣಗಿದಾಗ ಸಂದು ಬಿಡುತ್ತೆ. ಕೆಲವು ಭಾಗ ಈಗಾಗಲೇ ಬಿದ್ದಿದೆ. ಬಿದ್ದ ಇಟ್ಟಿಗೆ ಎತ್ತಿಕೊಂಡು ಮನೆಗೆ ಒಯ್ಯೋರೂ ಇದಾರೆ, ಅವರಿಗೆ ಏನು ಹೇಳೋದು. ಬಾಟಲಿ ಪಾರ್ಟಿ ಮಾಡೋರಿಂದ ಗಾಜಿನ ಚೂರು ಬೇರೆ, ಚಪ್ಪಲಿ ಅಲ್ಲ, ಶೂ ಹಾಕಿಕೊಳ್ಳಿ.

ಹಾಸನ್_ಹೈದ
ಚರ್ಚು ಬಿಡಿ ಗುರು, ಸಕಲೇಶಪುರ ರೈಲ್ವೆ ಹಳಿ ಟ್ರೆಕ್ ಮಾಡಿ. ದೋಣಿಗಾಲ್‌ನಿಂದ ಯಡಕುಮರಿ. ಸುರಂಗ, ಸೇತುವೆ, ಸ್ವರ್ಗ.

ಮಂಜ್ರಾಬಾದ್_ಮಂಜು
ಇದನ್ನ ಹೇಳಲೇಬೇಡಿ ಮಾರಾಯ್ರೆ. ಅದು ನಿಷಿದ್ಧ. ರೈಲ್ವೆ ಕಾಯ್ದೆ 1989ರ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ದಂಡ ಹೋಗಲಿ. ಸುರಂಗದಲ್ಲಿ ತಿರುವು ಇದ್ದರೆ ರೈಲಿನ ದೀಪ ಕಾಣೋ ಹೊತ್ತಿಗೆ ತಡವಾಗಿರುತ್ತೆ, ಸೇತುವೆ ಮೇಲೆ ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿತ ಬೇರೆ.

ಅದೇ ಘಾಟಿಯನ್ನ ರೈಲಿನೊಳಗೆ ಕೂತು ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗೆ ಸುಮಾರು 55 ಕಿ.ಮೀ., 57 ಸುರಂಗ. ಇಳಿಜಾರು 50ಕ್ಕೆ 1, ಹಾಗಾಗಿ ರೈಲು ಎತ್ತಿನಗಾಡಿಗಿಂತ ಸ್ವಲ್ಪ ಜೋರಾಗಿ ಹೋಗುತ್ತೆ ಅಷ್ಟೇ. ಹಗಲಿನ ಯಶವಂತಪುರ ಮಂಗಳೂರು ಕಡೆಯ ಗಾಡಿಗೆ 2021ರ ಜುಲೈಯಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಇದೆ. ಸೀಟು ಮುಂಗಡ ಕಾದಿರಿಸಬೇಕು. ಅಮ್ಮನವರಿಗೂ ಆಗುತ್ತೆ. ಆದರೆ ಇದು ಪೂರ್ತಿ ದಿನ ತಿನ್ನುತ್ತೆ, ಎರಡು ದಿನದಲ್ಲಿ ತುರುಕಬೇಡಿ.

ಮಂಜರಾಬಾದ್ ಕೋಟೆ ಕೇಳೋರು ಬಂದೇ ಬರ್ತಾರೆ, ಈಗಲೇ ಹೇಳ್ತೀನಿ. ಸಕಲೇಶಪುರ ದಾಟಿ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿ.ಮೀ. ಟಿಪ್ಪು ಕಟ್ಟಿಸಿದ್ದು, ಮುಗಿದಿದ್ದು 1792ರಲ್ಲಿ. ಎಂಟು ಮೂಲೆಯ ನಕ್ಷತ್ರ. ಒಳಗೆ ಹೋದರೆ ನಕ್ಷತ್ರ ಕಾಣಲ್ಲ, ಮೊದಲು ಮೊಬೈಲಲ್ಲಿ ಉಪಗ್ರಹ ಚಿತ್ರ ನೋಡಿಕೊಂಡು ಆಮೇಲೆ ಗೋಡೆಗುಂಟ ಸುತ್ತಿ. ಆಗ ಪ್ರತಿ ಮೂಲೆ ಯಾಕೆ ಹೊರಗೆ ಚಾಚಿದೆ ಅಂತ ಅರ್ಥ ಆಗುತ್ತೆ: ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯ ಬುಡಕ್ಕೆ ಬಂದವನನ್ನು ಹೊಡೀಬಹುದು. ಮೆಟ್ಟಿಲು 250ರ ಆಸುಪಾಸು, ಅಮ್ಮನವರಿಗೆ ಬೇಡ.

ಹಾಸನ್_ಹೈದ
ಸರಿ ಅಣ್ಣ, ಹಳಿ ಮಾತು ವಾಪಸ್. ಬಿಸಿಲೆ ಘಾಟಿ ಆದ್ರೂ ಹೇಳಬಹುದಾ?

ಮಂಜ್ರಾಬಾದ್_ಮಂಜು
ಬಿಸಿಲೆ ಹೇಳಬಹುದು. ನೋಟದ ಜಾಗದಿಂದ ಪುಷ್ಪಗಿರಿ ಸಾಲು ಎದುರಿಗೇ. ಬೆಳಿಗ್ಗೆ ಹೊತ್ತು ಹೋಗಬೇಕು. ಮಳೆಗಾಲದಲ್ಲಿ ಹೋದರೆ ಎದುರಿಗೆ ಬಿಳಿ ಪರದೆ, ಕಾಲಿಗೆ ಇಂಬಳ (ಜಿಗಣೆ). ಇಂಬಳ ಕಚ್ಚಿದರೆ ಕಿತ್ತೆಳೆಯಬೇಡಿ, ಉಪ್ಪು ಇಲ್ಲ ಹೊಗೆಸೊಪ್ಪಿನ ನೀರು ಮುಟ್ಟಿಸಿದರೆ ತಾನೇ ಬಿಡುತ್ತೆ. ಜನವರಿಯಲ್ಲಿ ಆ ಕಾಟ ಇಲ್ಲ. ಹಾಸನದಿಂದ ದೂರ ಮಾತ್ರ ಜಾಸ್ತಿ.

ಬಳಪದಕಲ್ಲು
ಎರಡನೇ ದಿನಕ್ಕೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನ. ಬೇಲೂರಿಗೆ ಹೋಗುವ ಎಲ್ಲರೂ ಇದರ ಕೈಮರ ದಾಟಿಯೇ ಹೋಗ್ತಾರೆ, ತಿರುಗೋರು ಕಡಿಮೆ. ಬೇಲೂರಿನ ಚೆನ್ನಕೇಶವ 1117, ಇದು 1113. ಅಂದರೆ ಬೇಲೂರಿಗಿಂತ ಹಳೇದು. ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ರಾಜನೂ ಅಲ್ಲ, ದಂಡನಾಯಕನೂ ಅಲ್ಲ.

ನಾಲ್ಕು ಗರ್ಭಗುಡಿ ಒಂದೇ ಕಟ್ಟಡದಲ್ಲಿ, ಚತುಷ್ಕೂಟ. ಕಾಳಿ ಇರುವ ಕಡೆಯ ಬಾಗಿಲಲ್ಲಿ ಎರಡು ಬೇತಾಳಗಳಿವೆ, ಎಲುಬು ಎಣಿಸಬಹುದು. ಒಳಗೆ ಕತ್ತಲು, ಟಾರ್ಚ್ ಬೇಕೇ ಬೇಕು. ಕಾಳಿ ವಿಗ್ರಹ 2020ರ ನವೆಂಬರ್‌ನಲ್ಲಿ ಒಡೆದಿದ್ದು ಸುದ್ದಿಯಾಗಿತ್ತು. ಹೊರಗೆ ಬಂದು ಗೋಪುರ ನೋಡಿ: ಮೂರು ಗೋಪುರ ಸಾದಾ, ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಪೇರಿಸಿದ್ದು, ಕದಂಬರ ರೀತಿ. ಒಂದಕ್ಕೆ ಮಾತ್ರ ಕುಸುರಿ ಕೆಲಸ. ಜಗತಿ ಇಲ್ಲ, ನೆಲಮಟ್ಟದಲ್ಲೇ ಇದೆ, ಅಮ್ಮನವರಿಗೆ ತೊಂದರೆ ಇಲ್ಲ. ಪಕ್ಕದಲ್ಲೇ ಕೆರೆ.

ದುದ್ದ_ರಸ್ತೆ
ಅಲ್ಲಿಂದ ಹಳೇಬೀಡು ಕಡೆ ಹೋದರೆ ಹುಲಿಕೆರೆ ಕಲ್ಯಾಣಿ. ಹಳೇಬೀಡಿಂದ ಎರಡು ಮೂರು ಕಿ.ಮೀ. ಮೆಟ್ಟಿಲುಗಳ ನಡುನಡುವೆ ಪುಟ್ಟ ಪುಟ್ಟ ಗುಡಿಗಳು. ಇಳಿಯೋದೇನೂ ಬೇಡ, ಮೇಲಿನ ಅಂಚಿನಿಂದಲೇ ಪೂರ್ತಿ ಕಾಣುತ್ತೆ. ಇದಕ್ಕೆ ಮಾತ್ರ ನಡುಮಧ್ಯಾಹ್ನ ಹೋಗಿ, ಬೆಳಿಗ್ಗೆ ಸಂಜೆ ಒಂದು ಬದಿಯ ನೆರಳು ಇನ್ನೊಂದು ಬದಿಯನ್ನ ನುಂಗುತ್ತೆ.

ಆಮೇಲೆ ಬೆಳವಾಡಿ, ಹಳೇಬೀಡಿಂದ ಹತ್ತು ಹನ್ನೆರಡು ಕಿ.ಮೀ. ಜಿಲ್ಲೆ ಚಿಕ್ಕಮಗಳೂರು, ಆದರೂ ಹಾಸನದವರು ನಮ್ಮದೇ ಅಂತೀವಿ. ವೀರನಾರಾಯಣ ದೇವಸ್ಥಾನದ ಮಂಟಪದ ಕಂಬಗಳಲ್ಲಿ ಮುಖ ನೋಡಿಕೊಳ್ಳಬಹುದು, ಅಷ್ಟು ನಯ. ಮೂರು ಗರ್ಭಗುಡಿ: ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ.

ಬಸದಿ_ಬೀದಿ
ಮೊಸಳೆ ಬಿಟ್ಟೇಬಿಟ್ರಲ್ಲ. ಹಾಸನದಿಂದ ಹತ್ತು ಹನ್ನೆರಡು ಕಿ.ಮೀ., ಹೊಳೆನರಸೀಪುರದ ಕಡೆ. ನಾಗೇಶ್ವರ, ಚೆನ್ನಕೇಶವ ಅಕ್ಕಪಕ್ಕ, ಅವಳಿಜವಳಿ. ಹೊರಗೋಡೆಯ ಮೂರ್ತಿ ನೋಡಿದರೆ ಯಾವುದು ಯಾರದು ಅಂತ ಗೊತ್ತಾಗುತ್ತೆ: ಒಂದರಲ್ಲಿ ಶೈವ, ಇನ್ನೊಂದರಲ್ಲಿ ವೈಷ್ಣವ. ವಿಷ್ಣುವಿನ ರೂಪ ಗುರುತಿಸೋಕೆ ಕೈಯಲ್ಲಿರೋದನ್ನ ಕ್ರಮವಾಗಿ ಓದಿ. ಮೂರ್ತಿಯ ಕೆಳ ಬಲಗೈಯಿಂದ ಶುರು, ಮೇಲಿನ ಬಲ, ಮೇಲಿನ ಎಡ, ಕೆಳ ಎಡ. ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಕ್ರಮ ಬದಲಾದರೆ ಹೆಸರೂ ಬದಲು, ಒಟ್ಟು 24.

ಮ್ಯಾಪಲ್ಲಿ ಬರೆಯುವಾಗ ಹುಷಾರು. ಮೊಸಳೆಹೊಸಹಳ್ಳಿ ಬೇರೆ, ಮೊಸಳೆ ಬೇರೆ. ಹೊಸಹಳ್ಳಿಯಲ್ಲಿ ಇಳಿದು ಗುಡಿ ಹುಡುಕಿದರೆ ಸಿಗಲ್ಲ.

ಕಾಫಿಹೂ
ಹಾಸನಾಂಬೆ ದರ್ಶನ ಆಗುತ್ತಾ ಅಂತ ಅಮ್ಮ ಕೇಳೇ ಕೇಳ್ತಾರೆ. ಜನವರಿಯಲ್ಲಿ ಆಗಲ್ಲ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಮುಗಿಯುವ ಹೊತ್ತಿಗೆ ಮತ್ತೆ ಹಾಕ್ತಾರೆ.

ಕೆರೆಯೇರಿ
ಎಲ್ಲರಿಗೂ ವಂದನೆ. ಹೀಗೆ ಹಾಕಿದೀನಿ, ತಪ್ಪಿದ್ರೆ ತಿದ್ದಿ.
ಶನಿವಾರ: ಏಳೂವರೆಗೆ ಕೋರವಂಗಲ, ಹತ್ತಕ್ಕೆ ಹಾರನಹಳ್ಳಿ, ಮಧ್ಯಾಹ್ನ ಅರಸೀಕೆರೆ, ಊಟ, ವಾಪಸ್. ಸಂಜೆ ಐದೂವರೆಗೆ ಶೆಟ್ಟಿಹಳ್ಳಿ.
ಭಾನುವಾರ: ಎಂಟಕ್ಕೆ ದೊಡ್ಡಗದ್ದವಳ್ಳಿ, ಹನ್ನೆರಡಕ್ಕೆ ಹುಲಿಕೆರೆ, ಮೂರಕ್ಕೆ ಬೆಳವಾಡಿ.

ಗೊರೂರು_ಹಿನ್ನೀರು
ಶನಿವಾರ ಸಂಜೆ ಬದಲಾಯಿಸಿ. ಜನವರಿ ಕೊನೆಯಲ್ಲಿ ಆರೂವರೆಗೆಲ್ಲ ಸೂರ್ಯ ಮುಳುಗ್ತಾನೆ. ಐದೂವರೆಗೆ ತಲುಪಿದರೆ ನಡೆದು ಹೋಗಿ ನೋಡೋ ಹೊತ್ತಿಗೆ ಕತ್ತಲು, ಹೂಳಿನ ಮೇಲೆ ಕತ್ತಲಲ್ಲಿ ವಾಪಸ್ ಬರಬೇಕು. ಅರಸೀಕೆರೆಯಿಂದ ಎರಡು ಗಂಟೆಗೆ ಹೊರಟು ನಾಲ್ಕಕ್ಕೆ ಅಲ್ಲಿರಿ, ಆಗಲಿಲ್ಲ ಅಂದ್ರೆ ಅವತ್ತು ಮೊಸಳೆ ನೋಡಿ, ಚರ್ಚನ್ನ ಮಾರ್ಚಿಗೆ ಇಟ್ಟುಕೊಳ್ಳಿ.

ಬಳಪದಕಲ್ಲು
ಭಾನುವಾರದ್ದು ಸರಿ ಇದೆ. ದೊಡ್ಡಗದ್ದವಳ್ಳಿಗೆ ಟಾರ್ಚ್ ಮರೀಬೇಡಿ, ಮೊಬೈಲ್ ಟಾರ್ಚ್ ಸಾಲಲ್ಲ.